ಶಾಲೆಯಿಂದ ಫೋನ್ ಬಂದರೆ ಹೆದರಿಕೆ ಯಾಕೆ? ಟೀಚರ್ ಮತ್ತು ಮನೆಯವರ ನಡುವೆ ಮೊದಲು ಬೇಕಾದ್ದು ಪರಿಚಯ, ಆಮೇಲೆ ದೂರು

ಉಡುಪಿ: ಅಂಗಡಿಯಲ್ಲಿ ಕೂತಿದ್ದೀರಿ. ಮೊಬೈಲ್ ರಿಂಗಾಗ್ತದೆ. ನೋಡಿದರೆ ಮಗನ ಶಾಲೆಯ ಟೀಚರ್. ಫೋನ್ ಎತ್ತುವ ಮೊದಲೇ ಮನಸ್ಸಿಗೆ ಬರುವುದು ಒಂದೇ: "ಇವತ್ತು ಎಂತ ಮಾಡಿಕೊಂಡನೋ ಮಾರಾಯ!" ಬಿದ್ದನಾ, ಯಾರಿಗಾದರೂ ಹೊಡೆದನಾ, ಫೀಸು ಬಾಕಿ ಉಂಟಾ? ಒಳ್ಳೆ ಸುದ್ದಿ ಇರಬಹುದು ಅಂತ ಯಾರಿಗೂ ಅನಿಸುವುದಿಲ್ಲ. ಯಾಕೆಂದರೆ ಒಳ್ಳೆ ಸುದ್ದಿ ಹೇಳಲಿಕ್ಕೆ ಶಾಲೆಯಿಂದ ಫೋನ್ ಬಂದ ಅಭ್ಯಾಸವೇ ನಮಗಿಲ್ಲ.

ಟೀಚರ್ ಕಡೆಯಿಂದ ನೋಡಿದರೂ ಅಷ್ಟೇ. "ಮೀಟಿಂಗ್‌ಗೆ ಕರೆದರೆ ಬರುವುದಿಲ್ಲ, ಬಂದವರು ಜಗಳಕ್ಕೇ ಬರ್ತಾರೆ" ಅನ್ನುವ ಮಾತು ಯಾವ ಸ್ಟಾಫ್ ರೂಮಿಗೆ ಹೋದರೂ ಕೇಳ್ಲಿಕ್ಕೆ ಸಿಗ್ತದೆ. ಎರಡೂ ಕಡೆಯವರು ಒಂದೇ ಮಗುವಿನ ಒಳ್ಳೆಯದನ್ನು ಬಯಸುವವರು. ಆದರೂ ಒಬ್ಬರಿಗೊಬ್ಬರು ಹೆದರುತ್ತಾರೆ. ಇದನ್ನು ಸರಿ ಮಾಡುವುದು ಹೇಗೆ? ನಮ್ಮ ಊರಿನ ಮನೆಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲ ಸ್ಥಾನದ ಜಿಲ್ಲೆಯಲ್ಲಿ ಇದೆಲ್ಲ ಯಾಕೆ?

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂತು. 2025ರಲ್ಲಿ ಶೇ. 89.96 ಬಂದು ಎರಡನೇ ಸ್ಥಾನ. ಹೆಮ್ಮೆಯ ವಿಷಯವೇ. ಇದರ ಹಿಂದೆ ಟೀಚರುಗಳ ದುಡಿಮೆ ಉಂಟು, ಅನುಮಾನವೇ ಬೇಡ.

ಆದರೆ ಲೆಕ್ಕವನ್ನು ತಿರುಗಿಸಿ ನೋಡಿ. ಶೇ. 94 ಅಂದರೆ 100ರಲ್ಲಿ 6 ಮಕ್ಕಳು ದಾಟಲಿಲ್ಲ. ಮರುವರ್ಷ ಅದು 10 ಆಯ್ತು. ಆ ಮಕ್ಕಳ ಮನೆಗೆ ಶಾಲೆಯಿಂದ ಮೊದಲ ಸಲ ಫೋನ್ ಹೋದದ್ದು ಯಾವ ತಿಂಗಳಲ್ಲಿ? ಜೂನ್‌ನಲ್ಲಾ, ಅಲ್ಲ ಪರೀಕ್ಷೆ ಹತ್ತಿರ ಬಂದಾಗಲಾ? ಕೇಳಬೇಕಾದ ಪ್ರಶ್ನೆ ಅದು.

ಕಾನೂನು ಎಂತ ಹೇಳ್ತದೆ?

ಪೋಷಕರ ಜೊತೆ ಮಾತಾಡುವುದು ಟೀಚರ್ ಮಾಡುವ ಉಪಕಾರ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯಗಳ ಪಟ್ಟಿ ಉಂಟು. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇದನ್ನೆಲ್ಲ ತಿಳಿಸಬೇಕು ಅಂತ ಆ ಪಟ್ಟಿಯಲ್ಲೇ ಇದೆ.

ಇನ್ನೊಂದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ನಂತರ 2001ರಲ್ಲಿ ನಮ್ಮ ರಾಜ್ಯದಲ್ಲಿ ಇದು ಶುರುವಾಯ್ತು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಖಾಸಗಿ ಅನುದಾನರಹಿತ ಶಾಲೆಗೆ ಈ ಸಮಿತಿ ನಿಯಮ ಇಲ್ಲ. ಸರ್ಕಾರಿ ಶಾಲೆಗಳಲ್ಲಿ 'ಸಮುದಾಯದತ್ತ ಶಾಲೆ' ಕಾರ್ಯಕ್ರಮವೂ ಉಂಟು. ಅದರಲ್ಲಿ ಪೋಷಕರನ್ನು ಕರೆಸಿ ಮಗುವಿನ ಕಲಿಕೆಯನ್ನು ತೋರಿಸುತ್ತಾರೆ.

ಅಂದರೆ ಕಾನೂನು, ಸಮಿತಿ, ಕಾರ್ಯಕ್ರಮ ಎಲ್ಲ ಇದೆ. ಕೊರತೆ ಇರುವುದು ಪರಿಚಯದ್ದು.

ನನ್ನ ಮನೆಯ ವಿಷಯ

ನನ್ನ ಅಮ್ಮ ಬೀಡಿ ಕಟ್ಟುವವರು, ಅಪ್ಪ ಬೋಟಿಗೆ ಹೋಗುವವರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಜುಲೈ ತಿಂಗಳ ಒಂದು ಸಂಜೆ ಲೆಕ್ಕದ ಮಾಸ್ಟ್ರು ಮನೆಗೆ ಬಂದರು. ನಾನು ಹಿತ್ತಲಿಗೆ ಓಡಿದೆ. ಮಾಸ್ಟ್ರು ಜಗಲಿಯಲ್ಲಿ ಕೂತು ಅಮ್ಮನ ಹತ್ತಿರ ತುಳುವಿನಲ್ಲಿ ಮಾತು ಶುರು ಮಾಡಿದರು. ಮೊದಲು ಕೇಳಿದ್ದು ನನ್ನ ವಿಷಯ ಅಲ್ಲ, ಬೀಡಿ ಎಲೆ ಈಗ ಸರಿ ಬರ್ತದಾ ಅಂತ. ಅಮ್ಮ ತಡ್ಪೆ ಕೆಳಗಿಡದೆ, ಕೈ ನಿಲ್ಲಿಸದೆ ಎಲ್ಲ ಹೇಳಿದರು. ಆಮೇಲೆ ಮಾಸ್ಟ್ರು ಹೇಳಿದ್ದು ಎರಡೇ ಮಾತು: "ನಿಮ್ಮ ಮಗನಿಗೆ ಲೆಕ್ಕ ಬೇಗ ತಲೆಗೆ ಹೋಗ್ತದೆ ಅಮ್ಮ. ಸ್ಟೆಪ್ ಬರೆಯುವುದಿಲ್ಲ, ಅದೊಂದು ಹೇಳಿ." ಹತ್ತು ನಿಮಿಷ, ಅಷ್ಟೇ. ಹೋದರು.

ಡಿಸೆಂಬರಲ್ಲಿ ನಾನು ವಾಲಿಬಾಲ್ ಹುಚ್ಚಿಗೆ ಮೂರು ದಿನ ಶಾಲೆ ತಪ್ಪಿಸಿದೆ. ಮಾಸ್ಟ್ರು ಅಮ್ಮನಿಗೆ ಫೋನ್ ಮಾಡಿ ಕೇಳಿದ್ದು, "ಅಮ್ಮ, ಮೂರು ದಿನ ಆಯ್ತು, ಮಗನಿಗೆ ಹುಷಾರಿಲ್ವಾ?" ಅಷ್ಟೇ. ಅಮ್ಮ ಆ ಫೋನಿಗೆ ಹೆದರಲಿಲ್ಲ. ಜಗಲಿಯಲ್ಲಿ ಕೂತು ಹೋದ ಮನುಷ್ಯ ಅಲ್ವಾ. ಮರುದಿನ ನಾನು ಕ್ಲಾಸಲ್ಲಿದ್ದೆ.

ಇನ್ನು ಕಾಲೇಜಿನ ವಿಷಯ. ಡಿಗ್ರಿ ಎರಡನೇ ವರ್ಷದಲ್ಲಿ ನಾನು ಕ್ಲಾಸಿಗೆ ಹೋಗುವುದು ಕಡಿಮೆ ಮಾಡಿದೆ. ಹಾಜರಿ ಕಡಿಮೆ ಉಂಟು ಅಂತ ಮನೆಗೆ ಒಂದು ಪತ್ರ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. ಅಮ್ಮ ಕೇಳಿದರು, ಎಂತ ಇದು ಅಂತ. ನಾನು "ಎಂತ ಇಲ್ಲ, ಕಾಲೇಜ್ ಡೇ ಕಾಗದ" ಅಂದೆ. ಅಮ್ಮ ಅದನ್ನು ಕ್ಯಾಲೆಂಡರ್ ಹಿಂದೆ ಜೋಪಾನವಾಗಿ ಸಿಕ್ಕಿಸಿಟ್ಟರು. ಆ ವರ್ಷ ನನ್ನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಅಲ್ಲಿಗೆ ಕಾಲೇಜು ಮುಗಿಯಿತು.

ತಪ್ಪು ನನ್ನದೇ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಕನ್ನಡದಲ್ಲೋ ತುಳುವಿನಲ್ಲೋ ಒಂದು ಫೋನ್ ಅಮ್ಮನಿಗೆ ಬಂದಿದ್ದರೆ ನನ್ನ ಸುಳ್ಳು ಅವತ್ತೇ ಸಿಕ್ಕಿ ಬೀಳ್ತಿತ್ತು. ಕಾಲೇಜು ತಿಳಿಸಿದ್ದು ಹೌದು. ಆದರೆ ಅಮ್ಮನಿಗೆ ವಿಷಯ ಮುಟ್ಟಲಿಲ್ಲ.

ಒಂದೊಂದು ಮನೆಗೆ ಒಂದೊಂದು ಗಡಿಯಾರ

"ಪೋಷಕರು ಮೀಟಿಂಗ್‌ಗೆ ಬರುವುದಿಲ್ಲ" ಅನ್ನುವ ಮೊದಲು ಮೀಟಿಂಗ್ ಯಾವ ಹೊತ್ತಿಗೆ ಇಟ್ಟಿದ್ದೀರಿ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಎಲ್ಲ ಮನೆಗೂ ಒಂದೇ ಗಡಿಯಾರ ಇಲ್ಲ.

ಕಾಪು ಕಡೆ ಕಡಲ ಬದಿಯ ಮನೆಗಳನ್ನು ನೋಡಿ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಬೋಟು ತಿರುಗಿ ಬರಲಿಕ್ಕೆ ವಾರ, ಹತ್ತು ದಿನ ಬೇಕು. ಮೀನು ಮಾರುವ ಅಮ್ಮಂದಿರಿಗೆ ಬೆಳಿಗ್ಗೆ ಉಸಿರಾಡ್ಲಿಕ್ಕೂ ಪುರುಸೊತ್ತಿಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಬೋಟಿನ ಹೆಚ್ಚಿನ ಅಪ್ಪಂದಿರು ಊರಲ್ಲೇ ಇರ್ತಾರೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ! ಇದಕ್ಕಿಂತ ಒಳ್ಳೆ ಅವಕಾಶ ಇಡೀ ವರ್ಷದಲ್ಲಿ ಸಿಗುವುದಿಲ್ಲ. ಆಗಸ್ಟಿನಲ್ಲಿ ಮೀಟಿಂಗ್ ಇಟ್ಟು "ಅಪ್ಪ ಯಾಕೆ ಬರಲಿಲ್ಲ" ಅಂತ ಮಗುವನ್ನು ಕೇಳಿದರೆ ಮಗು ಎಂತ ಹೇಳಬೇಕು? ನಾಡದೋಣಿಯವರ ಲೆಕ್ಕ ಬೇರೆ. ಅವರಿಗೆ ಮಳೆಗಾಲವೇ ದುಡಿಮೆಯ ಸಮಯ.

ಕಾರ್ಕಳ ಕಡೆ ಗೇರುಬೀಜ ಫ್ಯಾಕ್ಟರಿ ಮತ್ತು ಬೀಡಿ. ಎಷ್ಟು ಕೆಲಸ ಮಾಡಿದರೋ ಅಷ್ಟೇ ದುಡ್ಡು. ಹಗಲು ಹೊತ್ತು ಮೀಟಿಂಗ್ ಅಂದರೆ ಅರ್ಧ ದಿನದ ಸಂಬಳ ಹೋಯ್ತು ಅಂತ ಅರ್ಥ. ಬೀಡಿ ಕಟ್ಟುವವರಿಗೆ ಬ್ರಾಂಚಿಗೆ ಬೀಡಿ ಕೊಡುವ ದಿನ ಬೇರೆ ಯಾವ ಕೆಲಸಕ್ಕೂ ಬಿಡುವಿಲ್ಲ. ಆ ದಿನ ಯಾವುದು ಅಂತ ಮೊದಲೇ ಕೇಳಿಟ್ಟುಕೊಂಡರೆ ಮೀಟಿಂಗ್ ಅರ್ಧ ಯಶಸ್ವಿ.

ಮಣಿಪಾಲದ ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಬಂದ ಕುಟುಂಬಗಳು ತುಂಬಾ. ಊರಿನ ಜಾತ್ರೆಗೆ, ಬಿತ್ತನೆಗೆ ಹೋದರೆ ಮಕ್ಕಳೂ ಜೊತೆಗೆ ಹೋಗ್ತಾರೆ. "ಘಟ್ಟದವರು ಹೀಗೇ" ಅಂತ ಹಾಜರಿ ಪುಸ್ತಕ ಮುಚ್ಚುವ ಬದಲು, ಹೋಗುವ ಮೊದಲೇ "ಯಾವತ್ತು ವಾಪಸ್ ಬರ್ತೀರಿ ಅಣ್ಣ?" ಅಂತ ಕೇಳಿಡಬೇಕು. ಕೆಲಸದ ಸೈಟೇ ಬದಲಾಗಿ ಬೇರೆ ಊರಿಗೆ ಹೋಗುವುದಾದರೆ ಮಗುವಿನ ಸ್ಯಾಟ್ಸ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಡಿ. ಟಿ.ಸಿ. ತಡವಾಯ್ತು ಅಂತ ಬೇರೆ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರಲಿಕ್ಕೆ ಆಗುವುದಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಹೇಳ್ತದೆ. ಇದನ್ನು ಆ ಮನೆಯವರಿಗೆ ತಿಳಿಸುವವರು ಟೀಚರ್ ಅಲ್ಲದೆ ಇನ್ಯಾರು?

ಉಡುಪಿ ಪೇಟೆಯ ಅಂಗಡಿ, ಹೋಟೆಲ್ ಕೆಲಸದವರಿಗೆ ಭಾನುವಾರ ಬಿಟ್ಟರೆ ರಜೆ ಕಷ್ಟ. ಹಾಗೆ ಅಪ್ಪ ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮನೆಗಳು ನಾಲ್ಕೂ ಕಡೆ ಇವೆ. ಅಲ್ಲಿ ಅಜ್ಜಿಯೋ ಸೋದರಮಾವನೋ ಮೀಟಿಂಗ್‌ಗೆ ಬರ್ತಾರೆ. "ಅಪ್ಪ ಅಮ್ಮ ಯಾರೂ ಇಲ್ವಾ?" ಅಂತ ಅವರನ್ನು ಕೇಳಬೇಡಿ. ಅಳಿಯಕಟ್ಟಿನ ಮನೆಯಲ್ಲಿ ಮಾವನ ಮಾತಿಗೆ ಎಷ್ಟು ತೂಕ ಉಂಟು ಅಂತ ಊರಿನವರಿಗೆ ಗೊತ್ತೇ ಇದೆ. ಆ ಮಾವನನ್ನೇ ಕೂರಿಸಿ ಮಾತಾಡಿ. ಸೌದಿ, ಕುವೈತ್‌ನಲ್ಲಿರುವ ಅಪ್ಪನಿಗೆ ಶುಕ್ರವಾರ ರಜೆ. ಅವತ್ತು ಐದು ನಿಮಿಷ ವಿಡಿಯೋ ಕಾಲ್ ಸಾಕು.

ಮೊದಲ ಫೋನ್ ಹೇಗಿರಬೇಕು?

ಟೀಚರುಗಳಿಗೆ ಕೆಲಸ ಕಡಿಮೆ ಇಲ್ಲ. ಪಾಠದ ಜೊತೆ ಬಿಸಿಯೂಟ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ ಡ್ಯೂಟಿ. ಹಾಗಾಗಿ ದೊಡ್ಡ ಯೋಜನೆ ಬೇಡ, ಸಣ್ಣ ಲೆಕ್ಕ ಸಾಕು. ವಾರಕ್ಕೆ 5 ಮನೆಗೆ ಫೋನ್, ಒಂದಕ್ಕೆ 3 ನಿಮಿಷ. 30 ಮಕ್ಕಳ ಕ್ಲಾಸ್ ಆದರೆ 6 ವಾರದಲ್ಲಿ ಮುಗೀತು. ಜೂನ್‌ನಲ್ಲಿ ಶುರು ಮಾಡಿದರೆ ಜುಲೈ ಮುಗಿಯುವ ಮೊದಲೇ ಎಲ್ಲ ಮನೆಯೂ ಆಯ್ತು.

ಆ ಫೋನಲ್ಲಿ ಮೂರೇ ವಿಷಯ:

1. ನಾನು ಇಂಥ ಟೀಚರ್, ಈ ವರ್ಷ ನಿಮ್ಮ ಮಗಳು ನನ್ನ ಕ್ಲಾಸಲ್ಲಿ.

2. ಮಗುವಿನ ಬಗ್ಗೆ ನಿಜವಾಗಿ ಕಂಡ ಒಂದು ಒಳ್ಳೆ ವಿಷಯ. "ಒಳ್ಳೆ ಹುಡುಗಿ" ಅಂದರೆ ಸಾಲದು. "ನಿನ್ನೆ ಪಕ್ಕದ ಮಗುವಿಗೆ ಪೆನ್ಸಿಲ್ ಕೊಟ್ಟಳು" ಅನ್ನಿ. ಈ ಟೀಚರ್ ನಮ್ಮ ಮಗುವನ್ನು ನೋಡಿದ್ದಾರೆ ಅಂತ ಮನೆಯವರಿಗೆ ಆಗ ನಂಬಿಕೆ ಬರ್ತದೆ.

3. ಒಂದು ಪ್ರಶ್ನೆ: "ನಿಮಗೆ ಯಾವ ಹೊತ್ತಿಗೆ ಫೋನ್ ಮಾಡಿದರೆ ಒಳ್ಳೆಯದು? ಮಗುವಿನ ಬಗ್ಗೆ ನನಗೆ ಗೊತ್ತಿರಬೇಕಾದ್ದು ಏನಾದರೂ ಉಂಟಾ?"

ಈ ಕಡೆಯ ಪ್ರಶ್ನೆಗೆ ಬರುವ ಉತ್ತರ ಯಾವ ರಿಜಿಸ್ಟರಲ್ಲೂ ಸಿಗುವುದಿಲ್ಲ. ಮಗುವಿಗೆ ಒಂದು ಕಿವಿ ಸರಿ ಕೇಳುವುದಿಲ್ಲ, ಅಜ್ಜ ತೀರಿಹೋದ ಮೇಲೆ ರಾತ್ರಿ ನಿದ್ದೆ ಇಲ್ಲ, ಅಂಥದ್ದೆಲ್ಲ ಗೊತ್ತಾಗುವುದು ಹೀಗೇ.

ಭಾಷೆಯೂ ಮುಖ್ಯ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಮೊದಲು "ವನಸ್ ಆಂಡಾ?" ಅಂತ ಒಂದು ಮಾತು ಕೇಳಿದರೆ ಎದುರಿನವರ ಸ್ವರವೇ ಬದಲಾಗ್ತದೆ. ಬಾಗಲಕೋಟೆಯ ಅಮ್ಮನಿಗೆ "ಬರ್ರಿ ಅಕ್ಕಾರ, ಕುಂದ್ರಿ" ಅನ್ನಲಿಕ್ಕೆ ಖರ್ಚೆಂತ ಇಲ್ಲ. ಭಾಷೆ ಪೂರ್ತಿ ಬರಬೇಕಂತಲೂ ಇಲ್ಲ, ಪ್ರಯತ್ನ ಮಾಡಿದ್ದು ಅವರಿಗೆ ಗೊತ್ತಾಗ್ತದೆ.

ಮನೆಗೆ ಹೋಗುವ ಮಾದರಿ ನಮ್ಮಲ್ಲೇ ಉಂಟು

ಉಡುಪಿಯ ಯಕ್ಷಗಾನ ಕಲಾರಂಗದ ಹೆಸರು ಎಲ್ಲರಿಗೂ ಗೊತ್ತು, 1975ರಲ್ಲಿ ಶುರುವಾದ ಸಂಸ್ಥೆ. ಅದರ 'ವಿದ್ಯಾಪೋಷಕ್' ಯೋಜನೆ 2005ರಿಂದ ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ನೆರವು ಕೊಡುತ್ತಾ ಬಂದಿದೆ. ಅವರು ಬರೀ ಅರ್ಜಿ, ಮಾರ್ಕ್ಸ್ ಕಾರ್ಡ್ ನೋಡಿ ದುಡ್ಡು ಕೊಡುವುದಿಲ್ಲ. ಮನೆಗೇ ಹೋಗಿ ನೋಡುತ್ತಾರೆ. ಹಾಗೆ ಹೋದಾಗ ಕೆಲವು ಮನೆಗಳ ಸ್ಥಿತಿ ಕಂಡು, ದಾನಿಗಳ ಸಹಾಯದಿಂದ ವಿದ್ಯಾರ್ಥಿಗಳಿಗೆ ಹೊಸ ಮನೆಯನ್ನೇ ಕಟ್ಟಿಸಿಕೊಟ್ಟಿದ್ದಾರೆ. ಈ ಕೆಲಸದ ಮುಂಚೂಣಿಯಲ್ಲಿರುವ ಮುರಳಿ ಕಡೆಕಾರ್ ನಿಟ್ಟೂರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಅರ್ಜಿಯಲ್ಲಿ "ಬಡತನ" ಅಂತ ಬರೆದದ್ದಕ್ಕೂ, ಸೋರುವ ಮಾಡಿನ ಕೆಳಗೆ ಕೂತು ಓದುವ ಮಗುವನ್ನು ಕಣ್ಣಾರೆ ಕಂಡದ್ದಕ್ಕೂ ವ್ಯತ್ಯಾಸ ಉಂಟಲ್ಲ?

ಕೊರೊನಾ ಸಮಯವೂ ನೆನಪಿರಬಹುದು. 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಶುರುವಾಗಿ, ಟೀಚರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಹೆದರಿಕೆಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಆದರೆ ಆ ಎರಡು ತಿಂಗಳಲ್ಲಿ ಮಕ್ಕಳ ಮನೆಯ ದಾರಿ ಟೀಚರುಗಳಿಗೆ ಗೊತ್ತಾಯ್ತು. ಆ ದಾರಿಯನ್ನು ಈಗ ಮರೆಯಬಾರದು.

ಮನೆಗೆ ಹೋಗುವಾಗ ಕೆಲವು ವಿಷಯ ನೆನಪಿರಲಿ. ಮೊದಲೇ ಹೇಳಿ ಹೋಗಿ. ಇಬ್ಬರು ಟೀಚರ್ ಒಟ್ಟಿಗೆ ಹೋದರೆ ಒಳ್ಳೆಯದು. ಊಟದ ಹೊತ್ತಿಗೆ ಬೇಡ. ಜಗಲಿಯಲ್ಲಿ ಕೂತರೆ ಸಾಕು, ಒಳಗೆ ಕಣ್ಣು ಹಾಯಿಸುವುದು ಬೇಡ. ಒಂದು ಲೋಟ ನೀರೋ ಚಾವೋ ಕೊಟ್ಟರೆ ಕುಡಿಯಿರಿ. ಬೇಡ ಅಂದರೆ ಕೆಲವು ಮನೆಯವರಿಗೆ ತುಂಬಾ ಬೇಸರ ಆಗ್ತದೆ, ಯಾಕೆ ಅಂತ ವಿವರಿಸಬೇಕಾಗಿಲ್ಲ. ಆ ಮನೆಯಲ್ಲಿ ಕಂಡದ್ದನ್ನು ಸ್ಟಾಫ್ ರೂಮಲ್ಲಿ ಕಥೆ ಮಾಡಬೇಡಿ.

ಆದರೆ ಮಗುವಿಗೆ ಹಿಂಸೆಯೋ ಲೈಂಗಿಕ ದೌರ್ಜನ್ಯವೋ ಆಗ್ತಾ ಇದೆ ಅಂತ ಗೊತ್ತಾದರೆ ಅದು ಗುಟ್ಟಾಗಿ ಇಡುವ ವಿಷಯ ಅಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ ಸಂಖ್ಯೆ 1098.

ವಾಟ್ಸಾಪ್ ಗ್ರೂಪಿನ ಕಿರಿಕಿರಿ

ಕ್ಲಾಸ್ ಗ್ರೂಪ್ ಇಲ್ಲದ ಶಾಲೆ ಈಗ ಇಲ್ಲ. ರಜೆ, ಪರೀಕ್ಷೆ ದಿನಾಂಕ ಹೇಳಲಿಕ್ಕೆ ಅದು ಒಳ್ಳೆಯದೇ. ಆದರೆ ಒಂದು ಮಗುವಿನ ಮಾರ್ಕು, ಒಂದು ಮನೆಯ ಫೀಸ್ ಬಾಕಿ, "ನಿಮ್ಮ ಮಗ ಇವತ್ತೂ ಹೋಂವರ್ಕ್ ಮಾಡಿಲ್ಲ" ಅನ್ನುವುದನ್ನು ಗ್ರೂಪಿಗೆ ಹಾಕಿದರೆ ಊರಿಡೀ ಡಂಗುರ ಸಾರಿದ ಹಾಗೆ. ಅಂಥದ್ದು ಒಬ್ಬರೇ ಇರುವಾಗ ಫೋನಲ್ಲಿ ಹೇಳಿ. ಓದಲಿಕ್ಕೆ ಕಷ್ಟ ಇರುವ ಅಮ್ಮಂದಿರಿಗೆ ಉದ್ದ ಮೆಸೇಜ್ ಬದಲು ಅರ್ಧ ನಿಮಿಷದ ವಾಯ್ಸ್ ಕಳಿಸಿ. ಪೋಷಕರಿಗೂ ಒಂದು ಮಾತು: ರಾತ್ರಿ ಹತ್ತು ಗಂಟೆಗೆ ಟೀಚರಿಗೆ ಮೆಸೇಜ್ ಹಾಕಿ ನೀಲಿ ಗೆರೆ ಬಂತಾ ಅಂತ ಕಾಯಬೇಡಿ. ಅವರಿಗೂ ಮನೆ, ಮಕ್ಕಳು ಇದ್ದಾರೆ.

ಸಿಟ್ಟಲ್ಲಿ ಬಂದಾಗ, "ಹೊಡೀರಿ" ಅಂದಾಗ

ಪೋಷಕರು ಸಿಟ್ಟಲ್ಲಿ ಶಾಲೆಗೆ ಬಂದರೆ ಮಕ್ಕಳ ಎದುರು ಮಾತು ಬೇಡ. ಕೂರಿಸಿ, ನೀರು ಕೊಡಿ, ಪೂರ್ತಿ ಹೇಳಲಿಕ್ಕೆ ಬಿಡಿ. ಹೆಚ್ಚಿನ ಸಿಟ್ಟು ಅರ್ಧ ಇಳಿಯುವುದು ಅಲ್ಲಿಗೇ. ಶಾಲೆಯದ್ದು ತಪ್ಪಿದ್ದರೆ "ತಪ್ಪಾಗಿದೆ" ಅನ್ನಿ. ಅದರಿಂದ ಟೀಚರಿನ ಮರ್ಯಾದೆ ಕಡಿಮೆ ಆಗುವುದಿಲ್ಲ.

ಇನ್ನು ಕೆಲವು ಪೋಷಕರು "ನಾಲ್ಕು ಕೊಡಿ ಸಾರ್, ನಾವು ಕೇಳುವುದಿಲ್ಲ" ಅಂತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವುದು, ಮಾನಸಿಕ ಹಿಂಸೆ ಕೊಡುವುದು ಎರಡಕ್ಕೂ ನಿಷೇಧ ಇದೆ. ಪೋಷಕರ ಒಪ್ಪಿಗೆ ಇದ್ದರೂ ಅಷ್ಟೇ. ಹಾಗಾಗಿ ಟೀಚರ್ ಹೇಳಬೇಕಾದ್ದು: "ಹೊಡೆಯುವುದು ಬೇಡ. ಸಂಜೆ ಅರ್ಧ ಗಂಟೆ ಟಿವಿ ಬಂದ್ ಮಾಡಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮಗೆ ಓದಲಿಕ್ಕೆ ಬರದಿದ್ದರೂ ಪರವಾಗಿಲ್ಲ, ಅವನೇ ಓದಿ ಹೇಳಲಿ."

ಅಂಗಡಿಯವರು ಎಂತ ಮಾಡಬಹುದು?

ಈ ವಿಷಯ ಟೀಚರಿಗೆ ಮಾತ್ರ ಸೇರಿದ್ದಲ್ಲ. ನಿಮ್ಮ ಬಟ್ಟೆ ಅಂಗಡಿಯಲ್ಲಿ, ಬೇಕರಿಯಲ್ಲಿ, ಹೋಟೆಲಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಶಾಲೆಗೆ ಹೋಗುವ ಮಕ್ಕಳ ಅಮ್ಮಂದಿರು. ವರ್ಷಕ್ಕೆ ಮೂರು ಸಲ, ಸಂಬಳ ಹಿಡಿಯದೆ ಎರಡು ಗಂಟೆ ಬಿಡಿ. ಒಟ್ಟು ಆರು ಗಂಟೆ. ನಿಮ್ಮ ವ್ಯಾಪಾರಕ್ಕೆ ಅದರಿಂದ ನಷ್ಟ ಆಗುವುದಿಲ್ಲ, ಆದರೆ ಆ ಅಮ್ಮ ಟೀಚರ್ ಎದುರು ಕೂತು ಮಾತಾಡಿದ ಹಾಗೆ ಆಗ್ತದೆ. ಮೀಟಿಂಗ್ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿ ಎದುರು ಅಂಟಿಸಲಿಕ್ಕೂ ಅವಕಾಶ ಕೊಡಿ. ಊರಿನವರು ಶಾಲೆಯ ನೋಟಿಸ್ ಬೋರ್ಡಿಗಿಂತ ನಿಮ್ಮ ಅಂಗಡಿಯನ್ನು ಹೆಚ್ಚು ನೋಡ್ತಾರೆ.

ಪೋಷಕರೂ ಎರಡು ಕೆಲಸ ಮಾಡಬೇಕು. ಫೋನ್ ನಂಬರ್ ಬದಲಾದರೆ ಅವತ್ತೇ ಶಾಲೆಗೆ ಹೇಳಿ. ಮೀಟಿಂಗ್‌ಗೆ ಹೋದಾಗ "ಹೇಗಿದ್ದಾನೆ?" ಅಂತ ಮಾತ್ರ ಕೇಳಿ ಬರಬೇಡಿ. "ಯಾವುದರಲ್ಲಿ ಹಿಂದೆ ಇದ್ದಾನೆ, ಮನೆಯಲ್ಲಿ ನಾನು ಎಂತ ಮಾಡಬೇಕು?" ಅಂತ ಕೇಳಿ.

ನನ್ನ ಅಮ್ಮನ ಫೋನಲ್ಲಿ ಲೆಕ್ಕದ ಮಾಸ್ಟ್ರ ನಂಬರ್ ಈಗಲೂ ಉಂಟು. ಅವರು ನಿವೃತ್ತಿ ಆಗಿದ್ದಾರೆ. ಹಬ್ಬಕ್ಕೆ ಅಮ್ಮ ಈಗಲೂ ಅವರಿಗೆ ಫೋನ್ ಮಾಡ್ತಾರೆ. ಮೊನ್ನೆ ಅವರು ಅಮ್ಮನ ಹತ್ತಿರ ಕೇಳಿದರಂತೆ, ಮಗ ಡಿಗ್ರಿ ಮುಗಿಸುವ ಯೋಚನೆ ಉಂಟಾ ಅಂತ. ಅಮ್ಮ ಫೋನನ್ನು ನನ್ನ ಕೈಗೇ ಕೊಟ್ಟರು. ಈ ಸಲ ಸುಳ್ಳು ಹೇಳಲಿಕ್ಕೆ ಆಗಲಿಲ್ಲ. ನೋಡ್ತೇನೆ ಸಾರ್ ಅಂದಿದ್ದೇನೆ.